ದುಡ್ಡು ಕೊಟ್ಟು ಕರೆಸಿಕೊಂಡು ಸೋತರು: ಸನ್ ಬೆಲ್ಟ್‌ನ ಆ ನಾಲ್ಕು ವಾರ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಸೀಸನ್ನಿನ ಮೊದಲ ತಿಂಗಳು ಅಂದರೆ ನನಗೆ ತಟ್ಟನೆ ನೆನಪಾಗುವುದು 2022ರ ಸೆಪ್ಟೆಂಬರ್. ಅದರಲ್ಲೂ ಸನ್ ಬೆಲ್ಟ್ ಕಾನ್ಫರೆನ್ಸ್. ನಾರ್ತ್ ಕ್ಯಾರೊಲಿನಾ ರಾಜ್ಯದ ಷಾರ್ಲೆಟ್‌ನಲ್ಲಿ ನಾವು ಕನ್ನಡದವರು ಊಟಕ್ಕೆ ಸೇರಿದಾಗ ಮಾತು ಕ್ರಿಕೆಟ್‌ನಿಂದ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ನಾನು ಅದನ್ನು ಆ ನಾಲ್ಕು ವಾರಗಳ ಕಡೆಗೆ ತಿರುಗಿಸಿರುತ್ತೇನೆ. ಊರಿನಲ್ಲಿರುವ ತಮ್ಮ ಮೊನ್ನೆ ಫೋನಿನಲ್ಲಿ "ಅಣ್ಣಾ, ಅದೇನಾಯ್ತು ಅಂತ ಪೂರ್ತಿ ಒಂದು ಸಲ ಬರೆದುಬಿಡು, ನಾನೂ ಓದ್ತೀನಿ" ಅಂದ. ಸರಿ, ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಪಾಯಿಂಟ್. ಅದಾದ ಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದು ಒಂದು ಪಾಯಿಂಟ್ ತೆಗೆದುಕೊಳ್ಳಬಹುದು, ಇಲ್ಲ ಧೈರ್ಯ ಮಾಡಿ ಇನ್ನೊಂದು ಸಲ ಗೆರೆ ದಾಟಿ ಎರಡು ತೆಗೆದುಕೊಳ್ಳಬಹುದು. ದೂರದಿಂದ ಒದ್ದು ಕಂಬಗಳ ನಡುವೆ ಕಳಿಸಿದರೆ ಫೀಲ್ಡ್ ಗೋಲ್, ಮೂರು ಪಾಯಿಂಟ್. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. ಸದ್ಯಕ್ಕೆ ಇಷ್ಟು ಸಾಕು.

ಇನ್ನು ಕಾನ್ಫರೆನ್ಸ್ ಅಂದರೆ ಕಾಲೇಜುಗಳ ಕೂಟ. ಸೀಸನ್ನಿನ ಬಹುಪಾಲು ಪಂದ್ಯ ಕೂಟದ ಒಳಗೇ ನಡೆಯುತ್ತದೆ. ಆಗ ದೊಡ್ಡ ಕಾನ್ಫರೆನ್ಸ್ ಐದಿದ್ದವು: ಎಸ್ಇಸಿ, ಬಿಗ್ ಟೆನ್, ಎಸಿಸಿ, ಬಿಗ್ 12, ಪ್ಯಾಕ್-12. ಟಿವಿಯ ದುಡ್ಡು, ಭಾರಿ ಸ್ಟೇಡಿಯಂ, ಹೈಸ್ಕೂಲಿನಿಂದ ಬರುವ ಒಳ್ಳೊಳ್ಳೆ ಹುಡುಗರು, ಎಲ್ಲ ಹೆಚ್ಚಾಗಿ ಅವರ ಪಾಲು. ಸನ್ ಬೆಲ್ಟ್ ಆ ಐದರಲ್ಲಿ ಇಲ್ಲ. 1976ರಲ್ಲಿ ಹುಟ್ಟಿದ ಕಾನ್ಫರೆನ್ಸ್ ಇದು, ಫುಟ್‌ಬಾಲ್ ಶುರು ಮಾಡಿದ್ದು 2001ರಲ್ಲಿ. 2022ರಲ್ಲಿ ಮಾರ್ಷಲ್, ಓಲ್ಡ್ ಡೊಮಿನಿಯನ್, ಸದರ್ನ್ ಮಿಸ್, ಜೇಮ್ಸ್ ಮ್ಯಾಡಿಸನ್ ಹೊಸದಾಗಿ ಸೇರಿ ಹದಿನಾಲ್ಕು ತಂಡಗಳಾದವು. ಅಭಿಮಾನಿಗಳು ಇದನ್ನು ಪ್ರೀತಿಯಿಂದ 'ಫನ್ ಬೆಲ್ಟ್' ಅನ್ನುತ್ತಾರೆ. ಆ ತಿಂಗಳು ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ದುಡ್ಡಿನ ವಿಷಯ ಒಂದು ಗೊತ್ತಿರಬೇಕು. ಸೀಸನ್ ಶುರುವಿನಲ್ಲಿ ದೊಡ್ಡ ಕಾಲೇಜುಗಳು ಸಣ್ಣ ಕಾಲೇಜುಗಳಿಗೆ ಹತ್ತು ಲಕ್ಷ, ಹದಿನೈದು ಲಕ್ಷ ಡಾಲರ್ ಕೊಟ್ಟು ತಮ್ಮ ಊರಿಗೆ ಆಡಲು ಕರೆಸಿಕೊಳ್ಳುತ್ತವೆ. ದೊಡ್ಡವರಿಗೆ ತಮ್ಮ ಅಂಗಳದಲ್ಲಿ ಒಂದು ಪಂದ್ಯ ಜಾಸ್ತಿ ಸಿಗುತ್ತದೆ, ಟಿಕೆಟ್ ಮಾರಾಟವಾಗುತ್ತದೆ, ಒಂದು ಗೆಲುವು ಲೆಕ್ಕಕ್ಕೆ ಸೇರುತ್ತದೆ. ಸಣ್ಣವರಿಗೆ ಆ ಒಂದು ಚೆಕ್ಕಿನಿಂದ ಕಾಲೇಜಿನ ಎಷ್ಟೋ ಬೇರೆ ಆಟಗಳ ಖರ್ಚು ನಡೆಯುತ್ತದೆ. ಇದಕ್ಕೆ ಪೇ ಗೇಮ್ ಅನ್ನುತ್ತಾರೆ, ಬೈ ಗೇಮ್ ಅಂತಲೂ ಅನ್ನುತ್ತಾರೆ. ಬಂದವರು ಸೋತು, ಚೆಕ್ ತೆಗೆದುಕೊಂಡು ವಿಮಾನ ಹತ್ತಬೇಕು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ.

ಮೊದಲ ವಾರವೇ ಸುಳಿವು ಸಿಕ್ಕಿತ್ತು. ಸೆಪ್ಟೆಂಬರ್ 2, ಶುಕ್ರವಾರ ರಾತ್ರಿ, ವರ್ಜೀನಿಯಾದ ನಾರ್ಫೋಕ್. ಅಮೆರಿಕದ ನೌಕಾಪಡೆಯ ಊರು. ಅಲ್ಲಿನ ಓಲ್ಡ್ ಡೊಮಿನಿಯನ್ ಕಾಲೇಜು ದಶಕಗಳ ಕಾಲ ಫುಟ್‌ಬಾಲ್ ತಂಡವೇ ಇಲ್ಲದೆ ಇದ್ದು 2009ರಲ್ಲಿ ಮತ್ತೆ ಶುರು ಮಾಡಿತ್ತು. ಕೋವಿಡ್ ಅಂತ 2020ರ ಸೀಸನ್ ಪೂರ್ತಿ ಬಿಟ್ಟಿತ್ತು. ಅಂಥವರ ಮನೆಗೆ ಎಸಿಸಿಯ ವರ್ಜೀನಿಯಾ ಟೆಕ್ ಬಂತು. ಹೊಸ ಕೋಚ್ ಬ್ರೆಂಟ್ ಪ್ರೈಗೆ ಅದು ಮೊದಲ ಪಂದ್ಯ. ಮೊದಲರ್ಧದ ಕೊನೆಗೆ ಟೆಕ್‌ನವರು ಫೀಲ್ಡ್ ಗೋಲ್ ಒದೆಯಲು ನಿಂತಾಗ ಚೆಂಡು ತಲೆಯ ಮೇಲಿಂದ ಹಾರಿಹೋಯಿತು. ಅದನ್ನು ಹಿಡಿದು ಟಚ್‌ಡೌನ್ ಮಾಡಿದ್ದು ಓಲ್ಡ್ ಡೊಮಿನಿಯನ್. ಟೆಕ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವ, ಚೆಂಡು ಎಸೆಯುವ ಆಟಗಾರ, ಗ್ರ್ಯಾಂಟ್ ವೆಲ್ಸ್ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೈಗೇ ಎಸೆದ. ಆದರೂ ಟೆಕ್ ಮುಂದಿತ್ತು. ಕೊನೆಗೆ 33 ಸೆಕೆಂಡ್ ಉಳಿದಿದ್ದಾಗ ಓಲ್ಡ್ ಡೊಮಿನಿಯನ್‌ನ ಬ್ಲೇಕ್ ವಾಟ್ಸನ್ ಒಂದು ಗಜ ನುಗ್ಗಿ ಗೆರೆ ದಾಟಿದ. 20-17. ಜನ ಅಂಗಳಕ್ಕೆ ಇಳಿದರು. 2018ರಲ್ಲೂ ಇದೇ ಊರಿನಲ್ಲಿ ಇದೇ ಟೆಕ್ ಸೋತಿತ್ತು, ಹಾಗಾಗಿ ನಾರ್ಫೋಕ್‌ನವರಿಗೆ ಇದು ಎರಡನೇ ಹಬ್ಬ.

ಮರುದಿನ ಬೂನ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬೂನ್ ನಮ್ಮ ಷಾರ್ಲೆಟ್‌ನಿಂದ ಎರಡು ಗಂಟೆಯ ದಾರಿ, ಬ್ಲೂ ರಿಡ್ಜ್ ಬೆಟ್ಟಗಳ ನಡುವೆ, ಮೂರು ಸಾವಿರದ ಮುನ್ನೂರು ಅಡಿಗಿಂತ ಎತ್ತರದಲ್ಲಿರುವ ಸಣ್ಣ ಊರು. ಅಪಲಾಚಿಯನ್ ಸ್ಟೇಟ್ ಕಾಲೇಜು ಇರುವುದು ಅಲ್ಲಿ. ಎಲ್ಲರೂ ಆ್ಯಪ್ ಸ್ಟೇಟ್ ಅನ್ನುತ್ತಾರೆ. 2007ರಲ್ಲಿ, ಇನ್ನೂ ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದಾಗಲೇ, ಐದನೇ ರ‍್ಯಾಂಕಿನ ಮಿಷಿಗನ್ ತಂಡವನ್ನು ಅವರದೇ ಅಂಗಳದಲ್ಲಿ 34-32ಕ್ಕೆ ಸೋಲಿಸಿದವರು ಇವರು. ಹಾಗಾಗಿ ದೊಡ್ಡವರನ್ನು ಕಂಡರೆ ಹೆದರುವ ಅಭ್ಯಾಸ ಇವರಿಗೆ ಇಲ್ಲ. ಆ ಶನಿವಾರ ರಾಜ್ಯದ ದೊಡ್ಡಣ್ಣ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಬೆಟ್ಟ ಹತ್ತಿ ಬಂದಿತ್ತು. ಸ್ಟೇಡಿಯಂನಲ್ಲಿ 40,168 ಜನ, ಆ ಸ್ಟೇಡಿಯಂನಲ್ಲಿ ಅಲ್ಲಿವರೆಗೆ ಅಷ್ಟು ಜನ ಸೇರಿದ್ದೇ ಇಲ್ಲ.

ಮೂರು ಕ್ವಾರ್ಟರ್ ಮುಗಿದಾಗ 41-21, ನಾರ್ತ್ ಕ್ಯಾರೊಲಿನಾ ಮುಂದೆ. ಸಾಮಾನ್ಯವಾಗಿ ಇಂಥ ಹೊತ್ತಿಗೆ ಜನ ಕಾರಿನ ಕಡೆ ಹೊರಡುತ್ತಾರೆ. ನಾಲ್ಕನೇ ಕ್ವಾರ್ಟರ್ ಒಂದರಲ್ಲೇ ಆ್ಯಪ್ ಸ್ಟೇಟ್ 40 ಪಾಯಿಂಟ್ ಮಾಡಿತು. ಎರಡೂ ತಂಡ ಸೇರಿ 62. ಎಷ್ಟೋ ಪಂದ್ಯಗಳಲ್ಲಿ ಪೂರ್ತಿ ಆಟಕ್ಕೂ ಅಷ್ಟು ಬರುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೇಸ್ ಬ್ರೈಸ್ ಆ ದಿನ ಎಸೆದದ್ದು ಆರು ಟಚ್‌ಡೌನ್. ಎದುರಿಗಿದ್ದ ಹುಡುಗ ಡ್ರೇಕ್ ಮೇ, ಈಗ ವೃತ್ತಿಪರರ ಲೀಗ್ ಎನ್ಎಫ್ಎಲ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡದ ಕ್ವಾರ್ಟರ್‌ಬ್ಯಾಕ್.

31 ಸೆಕೆಂಡ್ ಉಳಿದಿದ್ದಾಗ ಆ್ಯಪ್ ಸ್ಟೇಟ್ ಟಚ್‌ಡೌನ್ ಮಾಡಿತು. 56-55. ಒಂದು ಪಾಯಿಂಟ್ ಒದ್ದರೆ ಸಮ, ಹೆಚ್ಚುವರಿ ಆಟಕ್ಕೆ ಹೋಗಬಹುದು. ಕೋಚ್ ಶಾನ್ ಕ್ಲಾರ್ಕ್ ಎರಡಕ್ಕೆ ಹೋಗಿ ಅಂದರು. ಒಬ್ಬ ಹುಡುಗ ಗೆರೆಯೊಳಗೆ ಒಂಟಿಯಾಗಿ ನಿಂತಿದ್ದ, ಸುತ್ತ ಯಾರೂ ಇಲ್ಲ. ಬ್ರೈಸ್ ಎಸೆದ ಚೆಂಡು ಅವನ ಕೈಗೆ ಸಿಗಲಿಲ್ಲ. ಆ ಒಂದು ಎಸೆತ ನಾನು ಇವತ್ತಿಗೂ ರೀಪ್ಲೇ ಹಾಕಿ ನೋಡುತ್ತೇನೆ.

ಮುಗಿಯಿತು ಅಂದುಕೊಂಡರೆ ಇಲ್ಲ. ಚೆಂಡನ್ನು ಮತ್ತೆ ತಮ್ಮ ಕೈಗೆ ತಂದುಕೊಳ್ಳಲು ಆ್ಯಪ್ ಸ್ಟೇಟ್ ಆನ್‌ಸೈಡ್ ಕಿಕ್ ಮಾಡಿತು, ಅಂದರೆ ಚೆಂಡನ್ನು ಹತ್ತು ಗಜ ದಾಟುವಷ್ಟೇ ಮೆತ್ತಗೆ ಒದ್ದು ತಾವೇ ಹಿಡಿಯುವ ಪ್ರಯತ್ನ. ಚೆಂಡು ಸಿಕ್ಕಿದ್ದು ನಾರ್ತ್ ಕ್ಯಾರೊಲಿನಾದ ಬ್ರೈಸನ್ ನೆಸ್ಬಿಟ್‌ಗೆ. ಅವನು ಅಲ್ಲೇ ಕೆಳಗೆ ಕೂತಿದ್ದರೆ ಆಟ ಮುಗಿದೇಹೋಗುತ್ತಿತ್ತು. ಅವನು ಓಡಿದ. ಟಚ್‌ಡೌನ್, 63-55. ಆದರೆ ಅಂಕ ಬಂದ ಮೇಲೆ ಚೆಂಡು ಎದುರಿನವರಿಗೆ ಹೋಗಲೇಬೇಕು! ಕಳೆದುಹೋದ ಅವಕಾಶ ಮತ್ತೆ ಕೈಗೆ ಬಂತು. ಬ್ರೈಸ್ ಹುಡುಗರು ಅಂಗಳ ಪೂರ್ತಿ ದಾಟಿದರು. ಒಂಬತ್ತು ಸೆಕೆಂಡ್ ಉಳಿದಿದ್ದಾಗ ಇನ್ನೊಂದು ಟಚ್‌ಡೌನ್, 63-61. ಈಗ ಸಮ ಆಗಬೇಕಾದರೂ ಎರಡು ಪಾಯಿಂಟ್ ಬೇಕು. ಈ ಸಲ ಬ್ರೈಸ್ ತಾನೇ ಚೆಂಡು ಹಿಡಿದು ಓಡಿದ. ಗೆರೆಗೆ ಮುಂಚೆ ತಡೆದರು.

ಸೋತರು. ಆದರೆ ಅದನ್ನು ನೋಡಿದ ಯಾರಿಗೂ ಇವರು ಎರಡನೇ ದರ್ಜೆಯವರು ಅಂತ ಅನ್ನಿಸಿರಲಿಕ್ಕಿಲ್ಲ.

ಎರಡನೇ ವಾರ, ಸೆಪ್ಟೆಂಬರ್ 10. ಒಂದೇ ಶನಿವಾರ ಮೂರು ಸನ್ ಬೆಲ್ಟ್ ತಂಡಗಳು ಮೂರು ದೊಡ್ಡ ಮನೆಗಳಿಗೆ ಹೋದವು, ಮೂರೂ ಗೆದ್ದು ಬಂದವು. ಟೆಕ್ಸಸ್ ಎ ಅಂಡ್ ಎಂ ಆಗ ದೇಶದಲ್ಲಿ ಆರನೇ ರ‍್ಯಾಂಕ್. ನೋಟ್ರೆ ಡೇಮ್ ಎಂಟನೇದು. ನೆಬ್ರಾಸ್ಕಾ ರ‍್ಯಾಂಕಿನಲ್ಲಿ ಇರಲಿಲ್ಲ, ಆದರೆ ಹಳೆಯ ಮನೆತನ. ಆ್ಯಪ್ ಸ್ಟೇಟ್‌ಗೆ ಕೊಟ್ಟಿದ್ದು 15 ಲಕ್ಷ ಡಾಲರ್, ಮಾರ್ಷಲ್‌ಗೆ ಹನ್ನೆರಡೂವರೆ ಲಕ್ಷ, ಜಾರ್ಜಿಯಾ ಸದರ್ನ್‌ಗೆ 14 ಲಕ್ಷಕ್ಕಿಂತ ಸ್ವಲ್ಪ ಮೇಲೆ. ಲೆಕ್ಕ ಹಾಕಿದರೆ ಮೂರು ದೊಡ್ಡ ಕಾಲೇಜುಗಳು ಸೋಲಲು ಖರ್ಚು ಮಾಡಿದ್ದು 40 ಲಕ್ಷ ಡಾಲರ್‌ಗಿಂತ ಜಾಸ್ತಿ.

ಟಿವಿಯವರು ಅವತ್ತು ರಾತ್ರಿಯೆಲ್ಲ ಪವಾಡ, ಅದೃಷ್ಟ ಅಂತ ಹೇಳಿದ್ದೇ ಹೇಳಿದ್ದು. ನನಗೆ ಆ ಮಾತು ಇಷ್ಟವಾಗುವುದಿಲ್ಲ. ಆ ಮೂರು ಗೆಲುವನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ಗೆದ್ದ ದಾರಿಯಲ್ಲಿ ಇನ್ನೊಬ್ಬರು ಗೆದ್ದಿಲ್ಲ. ಸುಮ್ನೆ ಗಾಳಿ ಬೀಸಿ ಬಿದ್ದ ಹಣ್ಣಾಗಿದ್ದರೆ ಹೀಗೆ ಮೂರು ಬೇರೆ ಬೇರೆ ಕಡೆ, ಮೂರು ಬೇರೆ ಬೇರೆ ಲೆಕ್ಕಾಚಾರದಲ್ಲಿ ಆಗುತ್ತಿರಲಿಲ್ಲ.

ಮೊದಲು ಆ್ಯಪ್ ಸ್ಟೇಟ್. ಹಿಂದಿನ ವಾರ 61 ಪಾಯಿಂಟ್ ಮಾಡಿದ್ದ ತಂಡ ಈ ವಾರ ಗೆದ್ದದ್ದು ಬರೀ 17ರಲ್ಲಿ. ಎ ಅಂಡ್ ಎಂನ ಕೈಲ್ ಫೀಲ್ಡ್‌ನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರಬಹುದು. ಆ ವರ್ಷ ಅವರು ಸೇರಿಸಿಕೊಂಡ ಹೊಸ ಹುಡುಗರ ಗುಂಪು ದೇಶಕ್ಕೇ ನಂಬರ್ ಒನ್ ಅಂತ ಹೆಸರಾಗಿತ್ತು. ಅಂಥವರಿಗೆ ಆ್ಯಪ್ ಸ್ಟೇಟ್ ಚೆಂಡನ್ನೇ ಕೊಡಲಿಲ್ಲ. ಅರವತ್ತು ನಿಮಿಷದ ಆಟದಲ್ಲಿ ನಲವತ್ತೊಂದು ನಿಮಿಷ ಚೆಂಡು ಇವರ ಹತ್ತಿರವೇ ಇತ್ತು. ಚೆಂಡು ಹಿಡಿದು ಮುಂದೆ ಸಾಗುವ ಒಂದೊಂದು ಪ್ರಯತ್ನಕ್ಕೆ ಪ್ಲೇ ಅನ್ನುತ್ತಾರೆ. ಇವರು ಆಡಿದ್ದು 82 ಪ್ಲೇ, ಅವರು 38. ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. ಟೆಸ್ಟ್ ಮ್ಯಾಚಿನಲ್ಲಿ ದ್ರಾವಿಡ್ ಒಂದು ಇಡೀ ಸೆಷನ್ ಕ್ರೀಸ್ ಬಿಡದೆ ಬೌಲರುಗಳನ್ನು ಸುಸ್ತು ಮಾಡುತ್ತಿದ್ದರಲ್ಲ, ಅದೇ ಆಟ. ಎ ಅಂಡ್ ಎಂಗೆ ಸಿಕ್ಕಿದ ಒಂದು ದೊಡ್ಡ ಖುಷಿ ಡೆವೊನ್ ಅಚೇನ್ ಕಿಕ್ ಹಿಡಿದು 95 ಗಜ ಓಡಿದ ಟಚ್‌ಡೌನ್, ಅದೂ ಅವರ ಆಫೆನ್ಸ್, ಅಂದರೆ ಚೆಂಡು ಹಿಡಿದು ದಾಳಿ ಮಾಡುವ ಆಟಗಾರರು, ಅಂಗಳಕ್ಕೆ ಇಳಿಯದೆಯೇ ಬಂದದ್ದು. 14-14 ಇದ್ದಾಗ ಆ್ಯಪ್ ಸ್ಟೇಟ್‌ನ ಮೈಕಲ್ ಹ್ಯೂಸ್ 29 ಗಜದ ಫೀಲ್ಡ್ ಗೋಲ್ ಒದ್ದ. ಎ ಅಂಡ್ ಎಂ ಸಮ ಮಾಡಲು 47 ಗಜದಿಂದ ಒದ್ದದ್ದು ಹೊರಗೆ ಹೋಯಿತು. ಅಲ್ಲಿಂದ ಮುಂದೆ ಆ್ಯಪ್ ಸ್ಟೇಟ್ ಮತ್ತೆ ಚೆಂಡು ಹಿಡಿದು ಗಡಿಯಾರ ಓಡಿಸಿತು, ಅಷ್ಟೇ.

ಬೂನ್‌ನಲ್ಲಿ ಆ ಸಂಜೆ ಕಿಂಗ್ ಸ್ಟ್ರೀಟ್ ತುಂಬಾ ಜನ. ಕ್ಯಾಂಪಸ್ಸಿನಲ್ಲಿ ಡಕ್ ಪಾಂಡ್ ಅಂತ ಒಂದು ಕೊಳ ಇದೆ, ದೊಡ್ಡ ಗೆಲುವು ಬಂದರೆ ಹುಡುಗರು ಅದಕ್ಕೆ ಹಾರುತ್ತಾರೆ. ನಮ್ಮ ಆಫೀಸಿನಲ್ಲಿ ಅಲ್ಲೇ ಓದಿದವನೊಬ್ಬ ಇದ್ದಾನೆ. ಸೋಮವಾರ ಬಂದು ಎಲ್ಲರಿಗೂ ವಿಡಿಯೊ ತೋರಿಸಿದ. ಕೆಸರು ನೀರು, ಸೊಂಟದವರೆಗೆ ಮುಳುಗಿದ ನೂರಾರು ಹುಡುಗ ಹುಡುಗಿಯರು, ಯಾರದೋ ಒಂದು ಶೂ ತೇಲುತ್ತಿದೆ, ಯಾರೂ ಅದನ್ನು ನೋಡುತ್ತಲೂ ಇಲ್ಲ.

ಮಾರ್ಷಲ್ ಗೆದ್ದದ್ದು ಡಿಫೆನ್ಸ್‌ನಿಂದ. ಈ ಕಾಲೇಜು ಇರುವುದು ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ. 1970ರ ನವೆಂಬರ್ 14ರಂದು ಪಂದ್ಯ ಮುಗಿಸಿ ವಾಪಸ್ ಬರುತ್ತಿದ್ದ ವಿಮಾನ ಊರ ಹತ್ತಿರವೇ ಬಿದ್ದು, ಆಟಗಾರರು, ಕೋಚ್‌ಗಳು, ಊರಿನ ಹಿರಿಯರು ಸೇರಿ ಅದರಲ್ಲಿದ್ದ 75 ಜನರೂ ತೀರಿಕೊಂಡರು. ಈಗಲೂ ಪ್ರತಿ ವರ್ಷ ಆ ದಿನ ಕ್ಯಾಂಪಸ್ಸಿನ ಕಾರಂಜಿ ನಿಲ್ಲಿಸುತ್ತಾರೆ, ಮತ್ತೆ ಶುರು ಮಾಡುವುದು ಚಳಿಗಾಲ ಕಳೆದ ಮೇಲೆ. ಈ ಕಥೆ ಗೊತ್ತಿರುವವರಿಗೆ ಮಾರ್ಷಲ್ ತಂಡ ಎಲ್ಲಿ ಗೆದ್ದರೂ ಸ್ವಲ್ಪ ಗಂಟಲು ಕಟ್ಟುತ್ತದೆ. ನನಗಂತೂ ಕಟ್ಟುತ್ತದೆ.

ನೋಟ್ರೆ ಡೇಮ್‌ನ ಸೌತ್ ಬೆಂಡ್ ಅಂಗಳದಲ್ಲಿ ಕೊನೆಯ ಕ್ವಾರ್ಟರ್‌ನಲ್ಲಿ ಮಾರ್ಷಲ್ 12-15 ಹಿಂದೆ. ತಮ್ಮದೇ ಗೆರೆಯ ಹತ್ತಿರದಿಂದ ಹೊರಟು 94 ಗಜ ಸಾಗಿ ಟಚ್‌ಡೌನ್ ಮಾಡಿದರು. 19-15. ಮಾರ್ಷಲ್‌ನ ಖಲಾನ್ ಲಬೋರ್ನ್ ಅವತ್ತು 163 ಗಜ ಓಡಿದ್ದ. ಆ ಟಚ್‌ಡೌನ್ ಆಗಿ ಒಂದು ನಿಮಿಷ ಕಳೆಯುವುದರೊಳಗೆ ಮಾರ್ಷಲ್‌ನ ಸ್ಟೀವನ್ ಗಿಲ್ಮೋರ್ ನೋಟ್ರೆ ಡೇಮ್‌ನವರ ಪಾಸ್ ಹಿಡಿದ, ಹಿಡಿದವನೇ 37 ಗಜ ಓಡಿ ಗೆರೆ ದಾಟಿದ. ಎನ್ಎಫ್ಎಲ್‌ನ ಹೆಸರಾಂತ ಸ್ಟೆಫಾನ್ ಗಿಲ್ಮೋರ್‌ನ ತಮ್ಮ ಇವನು. ನೋಟ್ರೆ ಡೇಮ್ ಕೊನೆಯಲ್ಲಿ ಒಂದು ಟಚ್‌ಡೌನ್ ಮಾಡಿ 26-21ಕ್ಕೆ ಇಳಿಸಿತು, ಅದರಿಂದ ಏನೂ ಬದಲಾಗಲಿಲ್ಲ. ಹೊಸ ಕೋಚ್ ಮಾರ್ಕಸ್ ಫ್ರೀಮನ್‌ಗೆ ಅದು ಮೂರಕ್ಕೆ ಮೂರನೇ ಸೋಲು. ಮುಂದೆ ಅದೇ ಫ್ರೀಮನ್ ಆ ತಂಡವನ್ನು 2024ರ ಸೀಸನ್ನಿನಲ್ಲಿ ರಾಷ್ಟ್ರೀಯ ಫೈನಲ್‌ಗೆ ಕರೆದುಕೊಂಡು ಹೋದರು. ಅಂದರೆ ಮಾರ್ಷಲ್ ಸೋಲಿಸಿದ್ದು ಕೈಲಾಗದ ತಂಡವನ್ನಲ್ಲ.

ಮೂರನೇದು ಜಾರ್ಜಿಯಾ ಸದರ್ನ್, ಪೂರ್ತಿ ಬೇರೆ ಕಥೆ. ಈ ಕಾಲೇಜು ಎಷ್ಟೋ ವರ್ಷ ಚೆಂಡನ್ನು ಎಸೆಯದೆ ಬರೀ ಓಡುವ ಟ್ರಿಪಲ್ ಆಪ್ಶನ್ ಆಟಕ್ಕೆ ಹೆಸರುವಾಸಿ. ಹಿಂದೆ ಕ್ಯಾಲಿಫೋರ್ನಿಯಾದ ದೊಡ್ಡ ಕಾಲೇಜು ಯುಎಸ್‌ಸಿಯ ಕೋಚ್ ಆಗಿದ್ದ ಕ್ಲೇ ಹೆಲ್ಟನ್ ಇಲ್ಲಿಗೆ ಬಂದು ಅದನ್ನು ಪೂರ್ತಿ ತಲೆಕೆಳಗು ಮಾಡಿದರು. ಬಫಲೋದಿಂದ ಕೈಲ್ ವ್ಯಾಂಟ್ರೀಸ್ ಅನ್ನುವ ಕ್ವಾರ್ಟರ್‌ಬ್ಯಾಕ್ ಬಂದ. ನೆಬ್ರಾಸ್ಕಾದ ಲಿಂಕನ್‌ನಲ್ಲಿ, 1962ರಿಂದ ಪ್ರತಿ ಪಂದ್ಯಕ್ಕೂ ಟಿಕೆಟ್ ಖಾಲಿಯಾಗುವ ಸ್ಟೇಡಿಯಂನಲ್ಲಿ, ಅವನು 409 ಗಜ ಎಸೆದ. ತಂಡ ಒಟ್ಟು 642 ಗಜ ಸಾಗಿತು. ಕೊನೆಯಲ್ಲಿ 42-38 ಹಿಂದೆ ಬಿದ್ದಾಗಲೂ ಗಾಬರಿಯಾಗಲಿಲ್ಲ. ಸಣ್ಣ ಸಣ್ಣ ಪಾಸ್ ಎಸೆಯುತ್ತಾ ಬಂದು, 36 ಸೆಕೆಂಡ್ ಇದ್ದಾಗ ವ್ಯಾಂಟ್ರೀಸ್ ತಾನೇ ಎಂಟು ಗಜ ಓಡಿ ಗೆರೆ ದಾಟಿದ. ನೆಬ್ರಾಸ್ಕಾದ 52 ಗಜದ ಕೊನೆಯ ಒದೆತ ಗುರಿ ತಪ್ಪಿತು. 45-42. ತಮ್ಮ ಮನೆಯಲ್ಲಿ 35 ಅಥವಾ ಹೆಚ್ಚು ಪಾಯಿಂಟ್ ಮಾಡಿದ 214 ಪಂದ್ಯಗಳಲ್ಲಿ ನೆಬ್ರಾಸ್ಕಾ ಅಲ್ಲಿವರೆಗೆ ಒಂದನ್ನೂ ಸೋತಿರಲಿಲ್ಲ.

ಮರುದಿನವೇ ನೆಬ್ರಾಸ್ಕಾದ ಕೋಚ್ ಸ್ಕಾಟ್ ಫ್ರಾಸ್ಟ್‌ನನ್ನು ಮನೆಗೆ ಕಳಿಸಿದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವನಿಗೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ಕಾಯುವ ತಾಳ್ಮೆಯೂ ಅವರಿಗೆ ಉಳಿದಿರಲಿಲ್ಲ. 1997ರಲ್ಲಿ ಇದೇ ಕಾಲೇಜಿಗೆ ಚಾಂಪಿಯನ್‌ಶಿಪ್ ತಂದ ಕ್ವಾರ್ಟರ್‌ಬ್ಯಾಕ್ ಅವನು, ಮನೆಯ ಮಗ. ನನಗೆ ಅದು ನೋಡಿ ಬೇಜಾರಾಯಿತು.

ಮೂರನೇ ವಾರಕ್ಕೆ ಇಎಸ್‌ಪಿಎನ್‌ನ ಕಾಲೇಜ್ ಗೇಮ್‌ಡೇ ಕಾರ್ಯಕ್ರಮ ಬೂನ್‌ಗೆ ಬಂತು, ಮೊದಲ ಸಲ. ಪ್ರತಿ ಶನಿವಾರ ಬೆಳಿಗ್ಗೆ ದೇಶದ ಒಂದು ಕ್ಯಾಂಪಸ್ಸಿನಿಂದ ನೇರ ಪ್ರಸಾರ ಮಾಡುವ ಕಾರ್ಯಕ್ರಮ ಅದು. ಸಾಮಾನ್ಯವಾಗಿ ಹೋಗುವುದು ದೊಡ್ಡವರ ಮನೆಗೇ. ನಾನೂ ಇಬ್ಬರು ಗೆಳೆಯರನ್ನು ಕರೆದುಕೊಂಡು ನಸುಕಿನಲ್ಲೇ ಹೊರಟೆ. ಬೆಟ್ಟದ ದಾರಿಯಲ್ಲಿ ಕಪ್ಪು ಹಳದಿ ಬಾವುಟ ಕಟ್ಟಿದ ಕಾರುಗಳದ್ದೇ ಸಾಲು. ಇದೇ ಕಾಲೇಜಿನಲ್ಲಿ ಓದಿದ್ದ ಹಾಡುಗಾರ ಲ್ಯೂಕ್ ಕೋಂಬ್ಸ್ ಅವತ್ತಿನ ಅತಿಥಿ. ಅವನು ವೇದಿಕೆಗೆ ಬಂದಾಗ ಎದ್ದ ಗಲಾಟೆಯಲ್ಲಿ ಪಕ್ಕದವನು ಹೇಳಿದ್ದೂ ಕೇಳಿಸುತ್ತಿರಲಿಲ್ಲ.

ಪಂದ್ಯ ಅಲಬಾಮಾದ ಟ್ರಾಯ್ ಜೊತೆ. ಈಗ ಎದುರಿಗಿರುವುದು ದೊಡ್ಡವರಲ್ಲ, ತಮ್ಮದೇ ಕಾನ್ಫರೆನ್ಸಿನವರು. ಟ್ರಾಯ್ ಇಡೀ ಮಧ್ಯಾಹ್ನ ಆ್ಯಪ್ ಸ್ಟೇಟ್‌ಗಿಂತ ಚೆನ್ನಾಗಿ ಆಡಿತು ಅಂತಲೇ ನನ್ನ ಅಭಿಪ್ರಾಯ. ಕೊನೆಯ ನಿಮಿಷದಲ್ಲಿ 28-24 ಮುಂದಿತ್ತು, ಆದರೆ ಚೆಂಡು ತಮ್ಮದೇ ಗೆರೆಯ ಬಳಿ ಸಿಕ್ಕಿಕೊಂಡಿತ್ತು. ಅಲ್ಲಿಂದ ಒದೆಯಲು ಹೋಗಿ ಎಡವಟ್ಟಾಗುವುದು ಬೇಡ ಅಂತ ಅವರು ಬೇಕಂತಲೇ ಸೇಫ್ಟಿ ಕೊಟ್ಟರು. ಎದುರಿನವರಿಗೆ ಎರಡು ಪಾಯಿಂಟ್ ಬಿಟ್ಟುಕೊಟ್ಟು, ಇಪ್ಪತ್ತು ಗಜದ ಗೆರೆಯಿಂದ ನಿರಾಳವಾಗಿ ಚೆಂಡು ಒದೆಯಬಹುದು. 28-26. ಲೆಕ್ಕ ಸರಿಯಾಗೇ ಇತ್ತು. ಉಳಿದಿದ್ದು ಕೆಲವೇ ಸೆಕೆಂಡ್.

ಬ್ರೈಸ್ ಕೈಗೆ ಕೊನೆಯ ಸಲ ಚೆಂಡು ಬಂದಾಗ ಟಚ್‌ಡೌನ್‌ಗೆ 53 ಗಜ. ಹೇಲ್ ಮೇರಿ ಬಿಟ್ಟು ಬೇರೆ ದಾರಿ ಇಲ್ಲ, ಅಂದರೆ ದೇವರ ಮೇಲೆ ಭಾರ ಹಾಕಿ ಆದಷ್ಟು ದೂರ ಎಸೆಯುವುದು. ನಮ್ಮ ಮುಂದಿನ ಸಾಲಿನಲ್ಲಿದ್ದ ಅಜ್ಜಿ ಒಬ್ಬರು ಟೋಪಿ ತೆಗೆದು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದರು. ಚೆಂಡು ಮೇಲೆ ಹೋಯಿತು. ಕೆಳಗೆ ಐದಾರು ಜನ ಒಟ್ಟಿಗೆ ಎಗರಿದರು, ಯಾರದೋ ಕೈಗೆ ತಾಗಿ ಚೆಂಡು ಹಿಂದಕ್ಕೆ ಚಿಮ್ಮಿತು. ಅಲ್ಲಿ ನಿಂತಿದ್ದವನು ಕ್ರಿಸ್ಟಿಯನ್ ಹಾರ್ನ್. ಇನ್ನೂ ಗೆರೆ ಮುಟ್ಟಿಲ್ಲ, ಹಿಡಿದ ಮೇಲೂ ಓಡಬೇಕು. ಅವನು ಪಕ್ಕಕ್ಕೆ ತಿರುಗಿ ಬದಿಯ ಗೆರೆಯ ಕಡೆ ಓಡಿದ, ಜೊತೆಯವನೊಬ್ಬ ಅಡ್ಡ ಬಂದವರನ್ನು ತಡೆದ, ಒಳಗೆ ಹೋಗಿಬಿಟ್ಟ! 32-28. ಒಂದು ಕ್ಷಣ ಏನಾಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಇಡೀ ಬೆಟ್ಟವೇ ಕೂಗಿದ ಹಾಗಾಯಿತು. ಆ ಅಜ್ಜಿ ತಿರುಗಿ ನನ್ನನ್ನು ತಬ್ಬಿಕೊಂಡರು, ನಾನು ಯಾರು ಅಂತಲೂ ಅವರಿಗೆ ಗೊತ್ತಿಲ್ಲ.

ಅದೇ ವಾರ ಉಳಿದವರ ಕಥೆ ಬೇರೆ. ಮಾರ್ಷಲ್ ಬೌಲಿಂಗ್ ಗ್ರೀನ್‌ಗೆ ಹೋಗಿ ಓವರ್‌ಟೈಮ್‌ನಲ್ಲಿ 34-31ಕ್ಕೆ ಸೋತಿತು. ಜಾರ್ಜಿಯಾ ಸದರ್ನ್ ಕೂಡ ಯುಎಬಿ ಎದುರು ಸೋತಿತು. ಓಲ್ಡ್ ಡೊಮಿನಿಯನ್ ವರ್ಜೀನಿಯಾ ವಿರುದ್ಧ ಕೊನೆಯ ಒದೆತದಲ್ಲಿ 16-14ಕ್ಕೆ ಸೋತಿತು. ಸೌತ್ ಅಲಬಾಮಾ ಲಾಸ್ ಏಂಜಲೀಸ್ ಹತ್ತಿರದ ರೋಸ್ ಬೌಲ್ ಸ್ಟೇಡಿಯಂಗೆ ಹೋಗಿ ಯುಸಿಎಲ್ಎ ಕಾಲೇಜನ್ನು ಹೆಚ್ಚುಕಡಿಮೆ ಸೋಲಿಸಿತ್ತು. ಮುಂದಿದ್ದಾಗ ಫೀಲ್ಡ್ ಗೋಲ್ ಒದೆಯುವ ಬದಲು ಒದೆಯುವಂತೆ ನಟಿಸಿ ಓಡಲು ಹೋದರು, ಆಗಲಿಲ್ಲ. ಯುಸಿಎಲ್ಎ ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಲ್ಲಿ 32-31ಕ್ಕೆ ಗೆದ್ದಿತು. ಆ ಮೂರು ಪಾಯಿಂಟ್ ತೆಗೆದುಕೊಳ್ಳಬೇಕಿತ್ತು ಅಂತ ನಾನು ಈಗಲೂ ವಾದ ಮಾಡುತ್ತೇನೆ. ಅದೊಂದು ಗೆದ್ದಿದ್ದರೆ ಈ ತಿಂಗಳ ಕಥೆ ಇನ್ನೂ ದೊಡ್ಡದಾಗುತ್ತಿತ್ತು, ಅಲ್ವಾ?

"ನೋಡಿದ್ರಾ, ಒಂದೇ ವಾರದ ಮಿಂಚು" ಅಂತ ಆಫೀಸಿನಲ್ಲಿ ಕೆಲವರು ಹೇಳಿದರು. ನಾನು ನಾಲ್ಕನೇ ವಾರ ನೋಡಿ ಅಂದೆ.

ಸೆಪ್ಟೆಂಬರ್ 24. ಬೂನ್‌ಗೆ ಜೇಮ್ಸ್ ಮ್ಯಾಡಿಸನ್ ಬಂತು. ಅದೇ ವರ್ಷ ಕೆಳಗಿನ ದರ್ಜೆಯಿಂದ ಮೇಲೆ ಬಂದ ಕಾಲೇಜು, ಈ ಮಟ್ಟದಲ್ಲಿ ಇನ್ನೂ ಕಣ್ಣು ಬಿಡುತ್ತಿರುವ ತಂಡ ಅಂತ ಎಲ್ಲರ ಎಣಿಕೆ. ಎರಡನೇ ಕ್ವಾರ್ಟರ್‌ನಲ್ಲಿ ಆ್ಯಪ್ ಸ್ಟೇಟ್ 28-3 ಮುಂದಿತ್ತು. ಅಲ್ಲಿಂದ ಮುಂದೆ ಆ್ಯಪ್ ಸ್ಟೇಟ್‌ಗೆ ಒಂದು ಪಾಯಿಂಟ್ ಕೂಡ ಸಿಗಲಿಲ್ಲ. ಟಾಡ್ ಸೆಂಟಿಯೊ ಅನ್ನುವ ಕ್ವಾರ್ಟರ್‌ಬ್ಯಾಕ್ ಜೊತೆ ಜೇಮ್ಸ್ ಮ್ಯಾಡಿಸನ್ ಸತತ 29 ಪಾಯಿಂಟ್ ಮಾಡಿ 32-28ಕ್ಕೆ ಗೆದ್ದಿತು. ಆರನೇ ರ‍್ಯಾಂಕಿನ ತಂಡವನ್ನು ಸೋಲಿಸಿದವರನ್ನು ಹೊಸಬರು ಬಂದು ಸೋಲಿಸಿದರು. ಅದೇ ದಿನ ನೋಟ್ರೆ ಡೇಮ್‌ನ ಸೋಲಿಸಿದ ಮಾರ್ಷಲ್‌ಗೆ ಟ್ರಾಯ್ 16-7ರ ಸೋಲು ಕೊಟ್ಟಿತು. ಹಿಂದಿನ ವರ್ಷದ ಚಾಂಪಿಯನ್ ಲೂಸಿಯಾನಾವನ್ನು ಅದೇ ರಾಜ್ಯದ ಮನ್ರೋ ಕಾಲೇಜು 21-17ಕ್ಕೆ ಸೋಲಿಸಿತು. ಸದರ್ನ್ ಮಿಸ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಟುಲೇನ್ ತಂಡವನ್ನು 27-24ಕ್ಕೆ ಸೋಲಿಸಿತು. ಆ ಟುಲೇನ್ ಇಡೀ ಸೀಸನ್ನಿನಲ್ಲಿ ಸೋತದ್ದು ಎರಡೇ ಪಂದ್ಯ, ಕೊನೆಗೆ ಕಾಟನ್ ಬೌಲ್‌ನಲ್ಲಿ (ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ವಿಶೇಷ ಪಂದ್ಯವೇ ಬೌಲ್) ಯುಎಸ್‌ಸಿಯನ್ನೇ ಸೋಲಿಸಿತು.

ಹಾಗಾಗಿ ನಾನು ಹೇಳುವುದು ಇಷ್ಟೇ. ಎರಡನೇ ವಾರದ ಮೂರು ಗೆಲುವು ಮೂರು ತಂಡಗಳ ಅದೃಷ್ಟ ಆಗಿರಲಿಲ್ಲ. ಕಾನ್ಫರೆನ್ಸ್ ಪೂರ್ತಿ ಆ ಮಟ್ಟಕ್ಕೆ ಬಂದಿತ್ತು, ಗೆದ್ದವರು ಮನೆಗೆ ಬಂದರೆ ಪಕ್ಕದ ಮನೆಯವರೂ ಅಷ್ಟೇ ಗಟ್ಟಿಗರು.

ಮುಂದೇನಾಯಿತು ಅಂತ ತಮ್ಮ ಖಂಡಿತ ಕೇಳುತ್ತಾನೆ, ಅದನ್ನೂ ಹೇಳಿಬಿಡುತ್ತೇನೆ. ಆ ಹೇಲ್ ಮೇರಿಗೆ ಸೋತ ಟ್ರಾಯ್ ಆಮೇಲೆ ಒಂದು ಪಂದ್ಯವನ್ನೂ ಸೋಲಲಿಲ್ಲ. ಸತತ ಹನ್ನೊಂದು ಗೆದ್ದು, ಕಾನ್ಫರೆನ್ಸ್ ಚಾಂಪಿಯನ್ ಆಗಿ, ಸೀಸನ್ 12-2ಕ್ಕೆ, ಅಂದರೆ ಹನ್ನೆರಡು ಗೆಲುವು ಎರಡು ಸೋಲಿಗೆ, ಮುಗಿಸಿತು. ಗೆದ್ದ ಆ್ಯಪ್ ಸ್ಟೇಟ್ 6-6. ಆ ಆರರಲ್ಲಿ ಎರಡು ಗೆಲುವು ಕೆಳಗಿನ ದರ್ಜೆಯ ತಂಡಗಳ ಮೇಲೆ ಬಂದದ್ದರಿಂದ ಬೌಲ್ ಪಂದ್ಯಕ್ಕೂ ಅರ್ಹತೆ ಸಿಗಲಿಲ್ಲ. ಟೆಕ್ಸಸ್ ಎ ಅಂಡ್ ಎಂ 5-7ಕ್ಕೆ ಇಳಿಯಿತು.

ನನಗೆ ಇವತ್ತಿಗೂ ಸಿಟ್ಟು ತರಿಸುವುದು ಜೇಮ್ಸ್ ಮ್ಯಾಡಿಸನ್ ವಿಷಯ. ಮೊದಲ ವರ್ಷವೇ ಅಕ್ಟೋಬರ್‌ನಲ್ಲಿ ದೇಶದ ಮೊದಲ 25ರೊಳಗೆ ಬಂತು, 8-3ಕ್ಕೆ ಮುಗಿಸಿತು. ನವೆಂಬರ್ ಕೊನೆಯಲ್ಲಿ ಕೋಸ್ಟಲ್ ಕ್ಯಾರೊಲಿನಾವನ್ನು 47-7ಕ್ಕೆ ಪುಡಿ ಮಾಡಿತು. ಆದರೆ ಮೇಲಿನ ದರ್ಜೆಗೆ ಹೊಸದಾಗಿ ಬಂದವರು ಕಾನ್ಫರೆನ್ಸಿನ ಫೈನಲ್ ಆಡುವಂತಿಲ್ಲ, ಬೌಲ್ ಆಡುವಂತಿಲ್ಲ ಅನ್ನುವ ನಿಯಮ. ಹಾಗಾಗಿ ಮುಂದಿನ ವಾರ ಫೈನಲ್‌ಗೆ ಹೋದದ್ದು ಕೋಸ್ಟಲ್, ಟ್ರಾಯ್ ಕೈಯಲ್ಲಿ 45-26ಕ್ಕೆ ಸೋತಿತು. ಟ್ರಾಯ್ ಮತ್ತು ಜೇಮ್ಸ್ ಮ್ಯಾಡಿಸನ್ ಆ ಡಿಸೆಂಬರ್‌ನಲ್ಲಿ ಎದುರಾಗಬೇಕಿತ್ತು. ಜೇಮ್ಸ್ ಮ್ಯಾಡಿಸನ್‌ನ ಕೋಚ್ ಕರ್ಟ್ ಸಿಗ್ನೆಟಿ 2023ರ ಸೀಸನ್ ಆದ ಮೇಲೆ ಇಂಡಿಯಾನಾಗೆ ಹೋದರು, ಮೊದಲ ವರ್ಷವೇ ಆ ತಂಡವನ್ನು ರಾಷ್ಟ್ರೀಯ ಪ್ಲೇಆಫ್‌ಗೆ ತಂದರು. ಟ್ರಾಯ್‌ನ ಜಾನ್ ಸುಮ್ರಲ್‌ರನ್ನು ಟುಲೇನ್ ಕರೆದುಕೊಂಡಿತು. ಅಂಥ ಇಬ್ಬರು ಕೋಚ್‌ಗಳು ಒಂದೇ ಕಾನ್ಫರೆನ್ಸಿನಲ್ಲಿದ್ದ ವರ್ಷ ಅವರಿಬ್ಬರನ್ನು ಫೈನಲ್‌ನಲ್ಲಿ ಎದುರುಬದುರು ನೋಡಲು ಬಿಡದ ಆ ನಿಯಮವನ್ನು ನಾನು ಒಪ್ಪುವುದಿಲ್ಲ.